ಗುದ್ದಲಿ ಪೂಜೆಗೆ ಮೊದಲು ಒಂದು ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಕಟ್ಟಿಸುವವನ ಪಾಡನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅವರ ಕಾಲಕ್ಕೆ ಅಷ್ಟು ಸಾಕಿತ್ತು. ಗುದ್ದಲಿ, ಹಾರೆ, ಪಿಕಾಸಿಯಲ್ಲಿ ಪಾಯ ತೆಗೆಯುವಾಗ ಪಕ್ಕದ ಮನೆಯ ತೊಟ್ಟಿಲ ಕೂಸು ಎಚ್ಚರಗೊಳ್ಳುತ್ತಿರಲಿಲ್ಲ. ಈಗ ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಗೆ ಹೋಗಿ ಕೇಳಿ. ಒಂದು ಹೆಂಚಿನ ಮನೆ ಮಾರಾಟವಾಯಿತು, ಗೇಟಿಗೆ ಬೀಗ ಬಿತ್ತು, ಮುಂದಿನ ವಾರ ಹಿಟಾಚಿ ಬಂದು ನಿಂತಿತು ಎಂದರೆ ಸುತ್ತಲಿನ ಹತ್ತು ಮನೆಗಳಿಗೆ ಒಂದೂವರೆ ವರ್ಷದ ಸಜೆ ಜಾರಿಯಾಯಿತೆಂದೇ ಲೆಕ್ಕ. ಯಾವ ತಪ್ಪಿಗೆ ಎಂದು ಕೇಳುವಂತಿಲ್ಲ. ಕೇಳಿದರೆ ಸಿಗುವ ಉತ್ತರ ಎಲ್ಲರಿಗೂ ಬಾಯಿಪಾಠ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್, ನಾಳೆ ನೀವೂ ಕಟ್ಟಿಸ್ತೀರಲ್ಲ."

ಈ ಮಾತಿನ ಕೊನೆಯ ಅರ್ಧ ನಿಜ. ನಾಳೆ ನಾವೂ ಕಟ್ಟಿಸುತ್ತೇವೆ. ಅದಕ್ಕೇ ಈ ಬರಹವನ್ನು ಕಾಂಟ್ರ್ಯಾಕ್ಟರನ ಮೇಲೆ, ಅಧಿಕಾರಿಯ ಮೇಲೆ ಹರಿಹಾಯುವುದರಿಂದ ಶುರುಮಾಡುತ್ತಿಲ್ಲ. ದುಡ್ಡು ಯಾರ ಜೇಬಿನಿಂದ ಹೋಗುತ್ತದೋ ಅವರ ಮಾತನ್ನು ಸೈಟಿನಲ್ಲಿ ಎಲ್ಲರೂ ಕೇಳುತ್ತಾರೆ. ಕಟ್ಟಿಸುವವರೇ, ಫ್ಲ್ಯಾಟಿಗೆ ಮುಂಗಡ ಕೊಟ್ಟವರೇ, ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಡುವ ಯೋಚನೆಯಲ್ಲಿರುವವರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮ ಮನೆಗೆ ತಗಲುವ ಖರ್ಚಿನಲ್ಲಿ ಒಂದು ಪಾಲನ್ನು ಪಕ್ಕದವರ ನಿದ್ದೆಯಿಂದ, ಕೂಲಿಯವನ ಶ್ವಾಸಕೋಶದಿಂದ, ಎಲ್ಲೋ ದೂರದ ಬೆಟ್ಟದಿಂದ ವಸೂಲಿ ಮಾಡುತ್ತಿದ್ದೀರಿ. ಅದು ನಿಮಗೆ ಗೊತ್ತಿದೆಯೇ? ಗೊತ್ತಿದ್ದೂ ಸುಮ್ಮನಿದ್ದೀರಾ?

ಬೆಂಗಳೂರಿನ ಕಷ್ಟ ಅದರ ನೆಲದಲ್ಲೇ ಇದೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ಹಾಕಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಆ ಬಂಡೆ ತೋಟದ ಬೇಲಿಗೆ ನಿಲ್ಲುವುದಿಲ್ಲ. ಊರಿನ ಎಷ್ಟೋ ಕಡೆ ಕೆಲವೇ ಅಡಿ ತೋಡಿದರೆ ಅದೇ ಜಾತಿಯ ಕಲ್ಲು ತಲೆ ಎತ್ತುತ್ತದೆ. ಎರಡು ಕಾರು ನಿಲ್ಲಿಸಲು ಬೇಸ್‌ಮೆಂಟ್ ಬೇಕೆನ್ನುವವರು 300 ಕೋಟಿ ವರ್ಷ ಗಟ್ಟಿಯಾದದ್ದನ್ನು ಹದಿನೈದು ದಿನದಲ್ಲಿ ಪುಡಿ ಮಾಡಿಸಬೇಕು. ಹಿಟಾಚಿಯ ಬಕೆಟ್ ಕಳಚಿ ಬ್ರೇಕರ್ ಸಿಕ್ಕಿಸುತ್ತಾರೆ. ಆಮೇಲೆ ನಡೆಯುವುದನ್ನು ಅನುಭವಿಸಿದವರಿಗೆ ವಿವರಿಸಬೇಕಿಲ್ಲ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ಸದ್ದು ಮಾಡುತ್ತವೆ, ಗೋಡೆಗೆ ಒರಗಿ ಕೂತರೆ ಬೆನ್ನಿಗೇ ಬಡಿದಂತಾಗುತ್ತದೆ, ಫೋನಿನಲ್ಲಿ ಮಾತಾಡಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ.

ವಾಸದ ಪ್ರದೇಶದಲ್ಲಿ ಶಬ್ದದ ಸರಾಸರಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಡೆಸಿಬೆಲ್ ಮೀರಬಾರದೆಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಬಂಡೆ ಒಡೆಯುವ ಬ್ರೇಕರಿನ ಸದ್ದು 15 ಮೀಟರ್ ದೂರದಲ್ಲೂ 90ರ ಆಸುಪಾಸಿರುತ್ತದೆ. 55ಕ್ಕೂ 90ಕ್ಕೂ ಏನು ಮಹಾ ವ್ಯತ್ಯಾಸ, ಒಂದೂವರೆ ಪಟ್ಟು ತಾನೇ ಎಂದುಕೊಂಡರೆ ಮೋಸಹೋದಿರಿ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಹತ್ತು ಏರಿದಾಗಲೂ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. 55ರಿಂದ 90ಕ್ಕೆ ಏರಿತೆಂದರೆ ಮೂರು ಸಾವಿರ ಪಟ್ಟು ದಾಟಿತು. ಅದೂ 30x40 ಸೈಟುಗಳ ಸಾಲಿನಲ್ಲಿ ಪಕ್ಕದ ಮನೆಯ ಕಿಟಕಿ 15 ಮೀಟರ್ ದೂರದಲ್ಲಿರುವುದಿಲ್ಲ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿರುತ್ತದೆ. ಆ ಕಿಟಕಿಯ ಒಳಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ಅಜ್ಜ ಮಲಗಿರಬಹುದು. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಹಗಲಿನಲ್ಲಿ ನಿದ್ದೆ ಮಾಡಬೇಕಿರಬಹುದು. ಎಸ್ಸೆಸ್ಸೆಲ್ಸಿಯ ಹುಡುಗಿ ಕಿವಿಗೆ ಹತ್ತಿ ತುರುಕಿಕೊಂಡು ಲೆಕ್ಕ ಬಿಡಿಸುತ್ತಿರಬಹುದು. ಗಲಾಟೆಗೆ ಕಿವಿ ಒಗ್ಗಿಹೋಗುತ್ತದೆ ಎನ್ನುವವರಿದ್ದಾರೆ. ಮನಸ್ಸು ಒಗ್ಗಿಕೊಂಡರೂ ಮೈ ಒಗ್ಗುವುದಿಲ್ಲ. ನಿದ್ದೆಯಲ್ಲಿದ್ದಾಗಲೂ ಸದ್ದಿಗೆ ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ.

ಹಾಗಾದರೆ ಬಂಡೆ ಒಡೆಯುವುದೇ ಬೇಡವೇ ಎಂದು ಕೇಳುತ್ತೀರಿ. ಈ ಊರಿನ ಕಲ್ಲುಕುಟಿಗರು ಬ್ರೇಕರ್ ಕಾಣುವ ಮೊದಲೇ ಇದೇ ಬಂಡೆಯನ್ನು ಸೀಳುತ್ತಿದ್ದರು. ಬಂಡೆಯ ಮೇಲೆ ಬೆಂಕಿ ಹಾಕಿ, ಕಾವಿಗೆ ಪದರ ಬಿಟ್ಟುಕೊಳ್ಳುವ ಸದ್ದನ್ನು ಕಿವಿಗೊಟ್ಟು ಕೇಳಿ, ಉದ್ದನೆಯ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಸಾಲಾಗಿ ಕುಳಿ ಹೊಡೆದು ಬೆಣೆ ಬಡಿದು ಸೈಜುಗಲ್ಲು ತೆಗೆಯುತ್ತಿದ್ದರು. ಆ ಕೆಲಸವನ್ನೇ ಮತ್ತೆ ತನ್ನಿ ಎನ್ನುತ್ತಿಲ್ಲ, ಅದರಲ್ಲಿದ್ದ ಮೈಮುರಿತವನ್ನು ಹಾಡಿ ಹೊಗಳುವ ಆಸೆಯೂ ನನಗಿಲ್ಲ. ಆದರೆ ಅದೇ ಬುದ್ಧಿಯ ಇಂದಿನ ರೂಪ ಅಂಗಡಿಯಲ್ಲಿ ಸಿಗುತ್ತದೆ. ಬಂಡೆಗೆ ತೂತು ಕೊರೆದು, ಸುಣ್ಣದ ಮೂಲದ ಒಂದು ಪುಡಿಯನ್ನು ನೀರಿನಲ್ಲಿ ಕಲಸಿ ತುಂಬಿದರೆ ಅದು ಉಬ್ಬಿ ಉಬ್ಬಿ ಬಂಡೆಯನ್ನು ಒಳಗಿನಿಂದ ಸೀಳುತ್ತದೆ. ಸಂಜೆ ತುಂಬಿ ಹೋದರೆ ಮರುದಿನಕ್ಕೆ ಬಿರುಕು ಬಾಯಿ ಬಿಟ್ಟಿರುತ್ತದೆ. ತೂತು ಕೊರೆಯುವಾಗ ಸದ್ದಿದೆ, ಪುಡಿ ಕೆಲವೊಮ್ಮೆ ಚಿಮ್ಮುವುದರಿಂದ ಕೆಲಸದವರಿಗೆ ಕನ್ನಡಕ ಬೇಕೇ ಬೇಕು. ಆದರೂ ಹದಿನೈದು ದಿನದ ಬಡಿತ ಎರಡು ಮೂರು ದಿನದ ಕೊರೆತಕ್ಕೆ ಇಳಿಯಬಹುದು. ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲನ್ನು ಬೆಣ್ಣೆ ಕೊಯ್ದ ಹಾಗೆ ಕೊಯ್ಯುವ ವಜ್ರದ ಹುಡಿಯ ತಂತಿಯೂ ಇದೆ. ಇವಕ್ಕೆ ಬ್ರೇಕರಿಗಿಂತ ಖರ್ಚು ಜಾಸ್ತಿ. ಮಾತೆಲ್ಲ ಬಂದು ನಿಲ್ಲುವುದು ಅಲ್ಲಿಗೇ. ಹಾಲ್‌ಗೆ ಇಟಾಲಿಯನ್ ಮಾರ್ಬಲ್ ಹಾಕಿಸುವಾಗ ಜಾಸ್ತಿ ಎನಿಸದ ದುಡ್ಡು ಪಕ್ಕದವರ ಕಿವಿಗೆಂದಾಗ ಜಾಸ್ತಿ ಎನಿಸುತ್ತದೆ.

ಬಂಡೆಯ ಘಟ್ಟ ಮುಗಿದ ಮೇಲೆ ಬರುವ ಕೆಲಸವೊಂದನ್ನು ಒಮ್ಮೆ ಹತ್ತಿರ ನಿಂತು ನೋಡಿ. ಟೈಲ್ಸ್ ಕೆಲಸ. ರಸ್ತೆಯ ಅಂಚಿನಲ್ಲಿ ಒಬ್ಬ ಹುಡುಗ ಕುಕ್ಕರಗಾಲಿನಲ್ಲಿ ಕೂತಿರುತ್ತಾನೆ. ಮುಂದೆ ಗ್ರಾನೈಟಿನ ಹಲಗೆ, ಕೈಯಲ್ಲಿ ಕಟಿಂಗ್ ಮಿಷಿನ್, ಮುಖಕ್ಕೆ ಸುತ್ತಿಕೊಂಡ ಟವೆಲ್. ಬ್ಲೇಡ್ ಕಲ್ಲಿಗೆ ತಾಕಿದ ಕ್ಷಣದಿಂದ ಹುಡುಗ ಕಾಣುವುದಿಲ್ಲ, ಬಿಳಿ ಮೋಡ ಮಾತ್ರ ಕಾಣುತ್ತದೆ. ಮಿಷಿನ್ ನಿಂತಾಗ ಅವನ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ನರೆತಿರುತ್ತದೆ. ಟವೆಲ್ ಬಿಚ್ಚಿ ಕೊಡವುತ್ತಾನೆ, ಬಾಯಿ ಮುಕ್ಕಳಿಸಿ ಉಗುಳುತ್ತಾನೆ, ಮತ್ತೆ ಕೂರುತ್ತಾನೆ. ಗ್ರಾನೈಟಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು ಟವೆಲ್ಲಿನ ನೂಲಿನ ನಡುವೆ ಸಲೀಸಾಗಿ ನುಗ್ಗಿ ಶ್ವಾಸಕೋಶದ ತಳ ಮುಟ್ಟುತ್ತವೆ, ಅಲ್ಲೇ ಗಾಯ ಕಟ್ಟುತ್ತವೆ. ಸಿಲಿಕೋಸಿಸ್ ಎಂಬ ಆ ಕಾಯಿಲೆ ಗುಣವಾಗುವುದಿಲ್ಲ. ಅದು ಬಂದವನಿಗೆ ಕ್ಷಯ ತಗಲುವುದು ಸುಲಭ. ಹತ್ತಾರು ವರ್ಷಗಳ ಮೇಲೆ ಊರಿನ ಜಗಲಿಯಲ್ಲಿ ಕೂತು ಏದುಸಿರು ಬಿಡುವಾಗ ಯಾವ ಮನೆಯ ಅಡುಗೆಕಟ್ಟೆ ಕೊಯ್ದದ್ದರಿಂದ ಹೀಗಾಯಿತೆಂದು ಅವನಿಗೂ ಗೊತ್ತಾಗದು, ಆ ಮನೆಯವರಿಗಂತೂ ಗೊತ್ತೇ ಆಗದು.

ಇದಕ್ಕೆ ಪರಿಹಾರ ನೀರು. ಅಷ್ಟೇ. ನೀರು ಹರಿಸುತ್ತಾ ಕೊಯ್ಯುವ ಮೇಜಿನ ಮಿಷಿನ್ ಇದ್ದರೆ ದೂಳು ಕೆಸರಾಗಿ ಕೆಳಗೆ ಇಳಿಯುತ್ತದೆ. ಕೆಲವು ಹುಡುಗರು ತಾವಾಗಿಯೇ ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಇನ್ನೊಬ್ಬನ ಕೈಯಲ್ಲಿ ಬ್ಲೇಡಿನ ಮೇಲೆ ತೊಟ್ಟಿಕ್ಕಿಸುವುದನ್ನು ನೋಡಿದ್ದೇನೆ. ಕೈಯಲ್ಲಿ ಹಿಡಿಯುವ ಕರೆಂಟಿನ ಮಿಷಿನ್ನಿಗೆ ಹಾಗೆ ನೀರು ಬಿಡುವುದು ಪ್ರಾಣದ ಜೊತೆ ಆಟ. ಬದುಕಬೇಕೆನ್ನುವ ಹುಡುಗನೇ ಬಾಟಲಿಗೆ ತೂತು ಮಾಡಿಕೊಳ್ಳಬೇಕು, ಕೋಟಿ ರೂಪಾಯಿಯ ಮನೆ ಕಟ್ಟಿಸುವವರು ಒಂದು ನೀರಿನ ಕಟರ್ ಬಾಡಿಗೆಗೆ ತರಿಸಲಾರರು! 2018ರಲ್ಲಿ ಕೇಂದ್ರ ಪರಿಸರ ಇಲಾಖೆ ಹೊರಡಿಸಿದ ದೂಳು ನಿಯಂತ್ರಣ ನಿಯಮಗಳಲ್ಲಿ ಇದೆಲ್ಲ ಇದೆ. ಬಯಲಲ್ಲಿ ಕಲ್ಲು ಕೊಯ್ಯಬಾರದು, ಉಜ್ಜಬಾರದು. ಮರಳು ಮಣ್ಣನ್ನು ಮುಚ್ಚದೆ ಬಿಡಬಾರದು. ಕಟ್ಟಡದ ಎತ್ತರದ ಮೂರನೇ ಒಂದು ಭಾಗದಷ್ಟು, ಹೆಚ್ಚೆಂದರೆ 10 ಮೀಟರ್ ಎತ್ತರದ ಮರೆ ಕಟ್ಟಬೇಕು. ಗಾಳಿಯಲ್ಲಿ ದೂಳಿನ ಕಣ ಮಿತಿ ಮೀರಿದ ಊರುಗಳಿಗೆಲ್ಲ ಇದು ಅನ್ವಯ. ನಮ್ಮಲ್ಲಿ ಕಾಣುವುದು ಹರಿದ ಹಸಿರು ನೆಟ್ಟು. ತೂತಿನ ಆ ಬಟ್ಟೆ ಉದುರುವ ಗಾರೆಯನ್ನು ಒಂದಿಷ್ಟು ತಡೆದೀತು, ಸದ್ದನ್ನು ಎಳ್ಳಷ್ಟೂ ತಡೆಯದು. ಶಬ್ದಕ್ಕೆ ಬೇಕಾದದ್ದು ಭಾರದ, ಸಂದಿಲ್ಲದ, ಮಿಷಿನ್ನಿಗೆ ಆದಷ್ಟು ಹತ್ತಿರ ನಿಂತ ತಡೆ.

ಆ ಹುಡುಗ ಎಲ್ಲಿಯವನು? ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗುಳೆ ಬಂದವನಿರಬಹುದು, ಬಿಹಾರ, ಒಡಿಶಾ, ಬಂಗಾಳದವನಿರಬಹುದು. ನಮಗೆ ಕಿರಿಕಿರಿಯೆನಿಸುವ ಸದ್ದಿನ ನಟ್ಟನಡುವೆ ಅವನು ನಿಂತಿರುತ್ತಾನೆ, ಸಂಜೆಗೆ ಅದೇ ಸೈಟಿನ ತಗಡಿನ ಶೆಡ್ಡಿನಲ್ಲಿ ಮಲಗುತ್ತಾನೆ. ಅವನ ಹೆಂಡತಿ ಅಲ್ಲೇ ಒಲೆ ಹಚ್ಚುತ್ತಾಳೆ, ಮಗು ಅಲ್ಲೇ ಜಲ್ಲಿ ರಾಶಿಯ ಮೇಲೆ ಆಡುತ್ತದೆ. ನಾವು ಕಿಟಕಿ ಮುಚ್ಚಿಕೊಳ್ಳಬಹುದು, ಆ ಶೆಡ್ಡಿಗೆ ಕಿಟಕಿಯೇ ಇಲ್ಲ. ಶಬ್ದದ ವಿರುದ್ಧ ದನಿ ಎತ್ತುವ ನಮ್ಮ ನಿವಾಸಿಗಳ ಸಂಘಗಳು ಬಹಳ ಸಲ ಈ ಮನುಷ್ಯನನ್ನೇ ಗದರಿಸಿ ತೃಪ್ತಿಪಡುತ್ತವೆ, ಯಜಮಾನನಿಗೆ ಫೋನ್ ಮಾಡುವ ಧೈರ್ಯ ಸಾಲದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾಯ್ದೆ ಬಂತು, ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ವಸೂಲಾಗುತ್ತದೆ, ಅದಕ್ಕೊಂದು ಕಲ್ಯಾಣ ಮಂಡಳಿಯೂ ಇದೆ. ಸೆಸ್ ಕಟ್ಟಿದ ರಸೀದಿ ನಿಮ್ಮ ಫೈಲಿನಲ್ಲಿರಬಹುದು. ನಿಮ್ಮ ಮನೆಯ ಗಾರೆಯವರಲ್ಲಿ ಎಷ್ಟು ಜನರ ಹತ್ತಿರ ಕಾರ್ಮಿಕರ ಕಾರ್ಡ್ ಇದೆಯೆಂದು ವಿಚಾರಿಸಿದ್ದೀರಾ?

ಇನ್ನು ರಾತ್ರಿಯ ಕಾಂಕ್ರೀಟು. ನಡುರಾತ್ರಿ ಮೋಲ್ಡ್ ಹಾಕುತ್ತಿದ್ದ ಸೈಟೊಂದಕ್ಕೆ ಹೋಗಿ ಮೇಸ್ತ್ರಿಯನ್ನು ಮಾತಾಡಿಸಿದ್ದೆ. ಬೀದಿ ತುಂಬ ಫ್ಲಡ್‌ಲೈಟು, ಪಂಪಿನ ಅಬ್ಬರ, ಹಿಂದಕ್ಕೆ ಬರುವ ಲಾರಿಯ ಪೀಂ ಪೀಂ, ವೈಬ್ರೇಟರಿನ ಕೊರೆತ. "ಏನ್ ಸಾರ್ ಮಾಡೋದು, ಹಗಲೊತ್ತು ಲಾರಿ ಬಿಡಲ್ಲ. ಮಿಕ್ಸ್ ಬಂದ ಮೇಲೆ ನಿಲ್ಲಿಸೋಕಾಗುತ್ತಾ? ಅರ್ಧಕ್ಕೆ ಬಿಟ್ರೆ ಜಾಯಿಂಟ್ ಬಿಟ್ಕೊಳ್ಳುತ್ತೆ, ನೀರು ಸೋರುತ್ತೆ. ನಮಗೇನು ರಾತ್ರಿ ನಿದ್ದೆ ಬೇಡ್ವಾ?" ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ನಗರದ ಒಳಗೆ ಭಾರಿ ವಾಹನಗಳಿಗೆ ಹಗಲಿನ ನಿರ್ಬಂಧ ಹಾಕಿದ ಆಡಳಿತ, ಆ ಲಾರಿಗಳು ಮತ್ತೆ ಯಾವಾಗ ಬರಬೇಕೆಂಬುದನ್ನು ಯೋಚಿಸಲಿಲ್ಲ. ಟ್ರಾಫಿಕ್ ಪೊಲೀಸರು ಹಗಲನ್ನು ಕಾಯುತ್ತಾರೆ, ಇರುಳು ಯಾರ ಪಾಲಿಗೂ ಬೀಳಲಿಲ್ಲ. ಮಧ್ಯಾಹ್ನದ ಕೆಲವು ಗಂಟೆ ಕಾಂಕ್ರೀಟ್ ಲಾರಿಗಳಿಗೆಂದೇ ಬಿಟ್ಟುಕೊಟ್ಟರೆ, ಬೀದಿವಾರು ಸರದಿ ಗೊತ್ತುಮಾಡಿದರೆ ಮೇಸ್ತ್ರಿಗೂ ನಿದ್ದೆ, ಬೀದಿಗೂ ನಿದ್ದೆ. ಇದಕ್ಕೆ ಬೇಕಿರುವುದು ಎರಡು ಇಲಾಖೆಯವರು ಒಂದು ಮೇಜಿನ ಸುತ್ತ ಕೂರುವುದು. ಬೆಂಗಳೂರಿಗೆ ಈಗ ಒಂದರ ಬದಲು ಐದು ಪಾಲಿಕೆಗಳಾಗಿವೆ. ಐವರು ಆಯುಕ್ತರಲ್ಲಿ ಒಬ್ಬರಾದರೂ ಇದನ್ನು ತಮ್ಮ ವಾರ್ಡುಗಳಲ್ಲಿ ಮಾಡಿ ತೋರಿಸಲಿ, ಉಳಿದ ನಾಲ್ವರಿಗೆ ನೆಪ ಹೇಳುವುದು ಕಷ್ಟವಾಗುತ್ತದೆ.

ಕಾನೂನಿನ ವಿಷಯದಲ್ಲಿ ಜನಕ್ಕೆ ತಿಳಿಯದ ಒಂದು ಅಂಶವಿದೆ, ಅದನ್ನು ಒತ್ತಿ ಹೇಳಬೇಕು. ಶಬ್ದ ನಿಯಮಗಳಿಗೆ 2010ರಲ್ಲಿ ತಿದ್ದುಪಡಿ ಬಂತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಾಸದ ಪ್ರದೇಶದಲ್ಲೂ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲೂ ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ಓಡಿಸಲೇಬಾರದು ಎಂದಾಯಿತು. ಹಗಲಿನಲ್ಲಿ ದೂರು ಕೊಡಲು ಶಬ್ದ ಮಿತಿಗಿಂತ 10 ಡೆಸಿಬೆಲ್ ಹೆಚ್ಚಿರಬೇಕು, ಅಂದರೆ ಅಳೆಯಬೇಕು. ರಾತ್ರಿಯ ನಿಷೇಧ ಮುರಿದಾಗ ಅಳೆಯುವ ಮಾತೇ ಇಲ್ಲ. ಯಂತ್ರ ಓಡುತ್ತಿತ್ತು ಎಂಬುದೇ ಸಾಕು. "ಮೀಟರ್ ಇಲ್ಲ, ಮಾಲಿನ್ಯ ಮಂಡಳಿಗೆ ಹೇಳಿ" ಎಂದು ಯಾರಾದರೂ ನಿಮ್ಮನ್ನು ಸಾಗಹಾಕಿದರೆ ಈ ಸಾಲನ್ನು ನೆನಪಿಸಿ. 112ಕ್ಕೆ ಕರೆ ಮಾಡಿದರೆ ಪೊಲೀಸರ ಹೊಯ್ಸಳ ವಾಹನ ಬರುತ್ತದೆ, ಕೆಲಸ ನಿಲ್ಲುತ್ತದೆ, ಹೊಯ್ಸಳ ಹೋಗುತ್ತದೆ, ಕೆಲಸ ಶುರುವಾಗುತ್ತದೆ. ಗೊತ್ತು. ಅದಕ್ಕೇ ಮರುದಿನ ಬೆಳಿಗ್ಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು, ಬೀದಿಯ ನಾಲ್ಕು ಮನೆಯವರು ಒಟ್ಟಿಗೆ ಹೋಗಬೇಕು. ತನ್ನ ಆವರಣದ ಒಳಗೇ ಇದ್ದರೂ, ಆಚೆಯವರಿಗೆ ಉಪಟಳವಾಗುವ ಶಬ್ದ ಮಾಡುವ ಹಕ್ಕು ಯಾರಿಗೂ ಇಲ್ಲವೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ನೆಮ್ಮದಿಯನ್ನು ಜೀವಿಸುವ ಹಕ್ಕಿನ ಜೊತೆಗೇ ಅದು ಇಟ್ಟು ನೋಡಿತು. ನೀವು ಬೇಡುತ್ತಿರುವುದು ದಯೆಯನ್ನಲ್ಲ.

ಹಳೆಯ ಮನೆ ಕೆಡವಿದ ಡೆಬ್ರಿ ಎಲ್ಲಿಗೆ ಹೋಯಿತು ಎಂದು ಕಟ್ಟಿಸುವವರನ್ನು ಕೇಳಿದರೆ "ಟಿಪ್ಪರ್‌ನೋರು ತಗೊಂಡು ಹೋದ್ರು" ಎನ್ನುತ್ತಾರೆ. ಕೆರೆಯಂಗಳ, ರಾಜಕಾಲುವೆಯ ಅಂಚು, ಹೊರವರ್ತುಲ ರಸ್ತೆಯ ಪಕ್ಕದ ಖಾಲಿ ಜಾಗ, ಕತ್ತಲಲ್ಲಿ ಟಿಪ್ಪರಿನ ಹಿಂಬಾಗಿಲು ತೆರೆಯುವುದು ಅಲ್ಲೇ. ಚಿಕ್ಕಜಾಲದಲ್ಲಿ ಈ ಡೆಬ್ರಿಯನ್ನು ಅರೆದು ಮತ್ತೆ ಬಳಸುವಂತೆ ಮಾಡುವ ಘಟಕವಿದೆ. ಕಾಂಕ್ರೀಟು, ಮಣ್ಣು, ಇಟ್ಟಿಗೆ ಗಾರೆ, ಕಬ್ಬಿಣ ಮರ ಪ್ಲಾಸ್ಟಿಕ್ಕು ಎಂದು ದೊಡ್ಡ ಕಟ್ಟಡದವರು ಬೇರೆಬೇರೆ ಮಾಡಬೇಕೆಂದು 2016ರಲ್ಲೇ ನಿಯಮ ಬಂತು. ಇನ್ನು ಹೊಸ ಮನೆಗೆಂದು ರಸ್ತೆಯ ಮೇಲೆ ಸುರಿದ ಎಂ-ಸ್ಯಾಂಡ್, ಅಂದರೆ ಕಲ್ಲು ಅರೆದು ಮಾಡಿದ ಮರಳು, ಮೊದಲ ಮಳೆಗೇ ಚರಂಡಿ ಸೇರುತ್ತದೆ. ಮಿಕ್ಸರ್ ತೊಳೆದ ನೀರೂ ಅಲ್ಲಿಗೇ. ಗಾರೆಯವರ ಅಂಗೈ ಸಿಗಿಯುವಷ್ಟು ಕ್ಷಾರವಿರುವ ಸಿಮೆಂಟಿನ ತಿಳಿ ಕೆರೆಯ ಮೀನಿಗೆ ಏನು ಮಾಡೀತು ಎಂದು ಬೇರೆ ಹೇಳಬೇಕೆ? 2024ರ ಮಾರ್ಚಿನಲ್ಲಿ ಕುಡಿಯುವ ನೀರಿಗೇ ತತ್ವಾರವಾದಾಗ ಜಲಮಂಡಳಿ ಕಾವೇರಿ ನೀರನ್ನು ಕಟ್ಟಡಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದಿತು. ಕ್ಯೂರಿಂಗಿಗೆ ಶುದ್ಧೀಕರಿಸಿದ ನೀರು ಆಗುತ್ತದೆಂಬುದು ಆಗ ಎಲ್ಲರಿಗೂ ಹೊಳೆಯಿತು, ಮಳೆ ಬಂದ ಮೇಲೆ ಮರೆತೂ ಹೋಯಿತು.

ಮತ್ತೆ ಆ ಜಲ್ಲಿ, ಆ ಎಂ-ಸ್ಯಾಂಡ್ ಬರುವುದಾದರೂ ಎಲ್ಲಿಂದ? ಯಾವುದೋ ಬೆಟ್ಟ ಕರಗಿದ ಮೇಲೆ ತಾನೇ ನಮ್ಮ ತಾರಸಿ ಏರುವುದು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು ಬಳಿ ಕ್ರಷರ್ ಜಾಗದಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿದಾಗ ಮಲೆನಾಡಿನ ಜನ ಭೂಕಂಪವೆಂದು ಮನೆಯಿಂದ ಹೊರಗೆ ಓಡಿಬಂದರು. ಕಾರ್ಮಿಕರ ಹೆಣ ಗುರುತಿಸುವುದೂ ಕಷ್ಟವಾಯಿತು. ತಿಂಗಳು ಕಳೆದ ಬೆನ್ನಿಗೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತರು. ನಗರದಲ್ಲಿ ನಮಗೆ ಕೇಳಿಸುವ ಸದ್ದು ಆ ಸದ್ದಿನ ಬಾಲ ಮಾತ್ರ. ಗಟ್ಟಿಯಾಗಿರುವ ಹಳೆಯ ಮನೆಯನ್ನು ದುರಸ್ತಿ ಮಾಡಿಸಿ ಉಳಿಸಿಕೊಂಡರೆ ಒಂದು ಬೆಟ್ಟದ ತುಣುಕು, ಒಂದು ಬೀದಿಯ ನೆಮ್ಮದಿ ಒಟ್ಟಿಗೇ ಉಳಿಯುತ್ತವೆ, ಲೋಡುಗಟ್ಟಲೆ ಡೆಬ್ರಿ ತಪ್ಪುತ್ತದೆ. ಕೆಡವಿ ಕಟ್ಟುವುದೊಂದೇ ಪ್ರಗತಿ ಎಂದು ನಮಗೆ ನಂಬಿಸಿದವರು ಯಾರೋ, ಅವರು ಸಿಮೆಂಟ್ ಮಾರುವವರೇ ಇರಬೇಕು.

ಎಲ್ಲ ಹೇಳಿದ ಮೇಲೂ "ಇಂಡಿಯಾದಲ್ಲಿ ಇದೆಲ್ಲ ಆಗೋ ಮಾತಾ" ಎಂಬ ನಿಟ್ಟುಸಿರು ಬಂದೇ ಬರುತ್ತದೆ. ಹಾಗೆನ್ನುವವರಿಗೆ ಜನರೇಟರಿನ ಕಥೆ ನೆನಪಿಸುತ್ತೇನೆ. ಕರೆಂಟು ಹೋದ ಕೂಡಲೇ ಪೇಟೆಬೀದಿಯ ಪ್ರತಿ ಅಂಗಡಿಯ ಮುಂದೆ ಜನರೇಟರ್ ಗುಡುಗಿ, ಬೆಲೆ ಕೇಳಲು ಬೆರಳು ತೋರಿಸಬೇಕಾಗಿದ್ದ ಕಾಲವೊಂದಿತ್ತು. 2005ರ ಜನವರಿಯಿಂದ ತಯಾರಾಗುವ 1000 ಕೆವಿಎವರೆಗಿನ ಡೀಸೆಲ್ ಜನರೇಟರಿನ ಸದ್ದು ಅದರ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಕೂಡದೆಂದು ಸರ್ಕಾರ ಕಡ್ಡಾಯ ಮಾಡಿತು. ಅಷ್ಟು ದಿನ ಆಗುವುದೇ ಇಲ್ಲ ಎನ್ನುತ್ತಿದ್ದ ಮಾರುಕಟ್ಟೆಯಲ್ಲಿ ಪೆಟ್ಟಿಗೆಯೊಳಗಿನ ಸೈಲೆಂಟ್ ಜನರೇಟರೇ ಮಾಮೂಲಾಯಿತು. ಇದರಿಂದ ಆ ಉದ್ಯಮವೇನೂ ಮುಳುಗಲಿಲ್ಲ. ಒಬ್ಬನಿಗೆ ಮಾತ್ರ ಖರ್ಚು ಬಿದ್ದರೆ ಅವನು ಸೋಲುತ್ತಾನೆ, ಎಲ್ಲರಿಗೂ ಬಿದ್ದರೆ ಅದು ಬೆಲೆಯ ಭಾಗವಾಗುತ್ತದೆ. ಸರ್ಕಾರಿ ಟೆಂಡರುಗಳಲ್ಲಿ ನಡೆಯುತ್ತಿರುವ ಅನ್ಯಾಯವೂ ಇದೇ. ಅತಿ ಕಡಿಮೆ ದರ ಕೂಗಿದವನಿಗೆ ಕೆಲಸ. ಸದ್ದು ತಡೆಯುವ ಗೋಡೆ, ನೀರಿನ ಕಟರ್, ಡೆಬ್ರಿ ಸಾಗಣೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಪ್ರಾಮಾಣಿಕ ಕಾಂಟ್ರ್ಯಾಕ್ಟರ್ ಮೊದಲ ಸುತ್ತಿನಲ್ಲೇ ಔಟ್. ಟೆಂಡರಿನಲ್ಲೇ ಇವಕ್ಕೆ ಪ್ರತ್ಯೇಕ ಬಾಬು ಇಟ್ಟು ದರ ಗೊತ್ತುಮಾಡಿದರೆ, ಕೆಲಸ ಮಾಡದಿದ್ದರೆ ಬಿಲ್ಲು ಹಿಡಿದರೆ ಆ ಪ್ರಾಮಾಣಿಕನೂ ಬದುಕಿಯಾನು. ರಸ್ತೆ, ಮೇಲ್ಸೇತುವೆ, ಮೆಟ್ರೋ ಎಂದು ಈ ರಾಜ್ಯದಲ್ಲಿ ಸರ್ಕಾರಕ್ಕಿಂತ ದೊಡ್ಡ ಕಟ್ಟಿಸುವವನು ಯಾರಿದ್ದಾರೆ? ಎಂಜಿನಿಯರರೇ, ಎಸ್ಟಿಮೇಟ್ ಬರೆಯುವ ಪೆನ್ನು ನಿಮ್ಮ ಕೈಯಲ್ಲಿದೆ.

ನಿಮ್ಮ ಮನೆಗೂ ಅದೇ ಮಾತು. ಸೈಟಿಗೆ ವಾಸ್ತು ನೋಡಿಸುತ್ತೀರಿ, ಪಾಯಕ್ಕೆ ಮುಹೂರ್ತ ಇಡಿಸುತ್ತೀರಿ, ಅಗೆಯುವ ಮೊದಲು ಭೂಮಿತಾಯಿಯ ಕ್ಷಮೆ ಕೇಳುತ್ತೀರಿ. ಆ ದಿನ ಪ್ರಸಾದ ಹಿಡಿದು ಎಡಬಲದ, ಎದುರಿನ, ಹಿಂದಿನ ಮನೆಗಳಿಗೂ ಹೋಗಿ. ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಯಾರ ಮಗುವಿಗೆ ಪರೀಕ್ಷೆ, ಯಾರು ಹಗಲು ಮಲಗುವವರು ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಫೋನ್ ನಂಬರನ್ನು, ಮೇಸ್ತ್ರಿಯದ್ದನ್ನಲ್ಲ, ಅವರಿಗೆ ಕೊಡಿ. ಬಂಡೆ ಒಡೆಯುವ ದಿನಗಳನ್ನು ವಾರ ಮೊದಲೇ ತಿಳಿಸಿ.

ಆಮೇಲೆ ಕಾಂಟ್ರ್ಯಾಕ್ಟರಿನ ಜೊತೆ ಕೂತಾಗ ಸಿಮೆಂಟಿನ ಬ್ರ್ಯಾಂಡು, ಕಂಬಿಯ ದಪ್ಪ ಬರೆಸುವ ಅದೇ ಛಾಪಾ ಕಾಗದದಲ್ಲಿ ಇಷ್ಟನ್ನೂ ಬರೆಸಿ. ಬೆಳಿಗ್ಗೆ ಎಂಟರ ಮೊದಲು, ಸಂಜೆ ಆರರ ನಂತರ ಬ್ರೇಕರಾಗಲಿ ಕಟಿಂಗ್ ಮಿಷಿನ್ನಾಗಲಿ ಮುಟ್ಟತಕ್ಕದ್ದಲ್ಲ. ಬಂಡೆ ಬಂದರೆ ಮೊದಲು ಉಬ್ಬುವ ಪುಡಿಯಲ್ಲಿ ಪ್ರಯತ್ನಿಸತಕ್ಕದ್ದು. ಕಲ್ಲು, ಟೈಲ್ಸನ್ನು ನೀರಿನಲ್ಲೇ ಕೊಯ್ಯತಕ್ಕದ್ದು, ಕೊಯ್ಯುವವನಿಗೆ ದೂಳಿನ ಮಾಸ್ಕು, ಕಿವಿಮುಚ್ಚಳ ಕೊಡತಕ್ಕದ್ದು, ಮಿಷಿನ್ನಿಗೆ ಶಾಕ್ ತಡೆಯುವ ಸ್ವಿಚ್ ಇರತಕ್ಕದ್ದು. ಮರಳು, ಜಲ್ಲಿ ಸೈಟಿನ ಒಳಗೆ, ಟಾರ್ಪಾಲಿನ ಅಡಿಯಲ್ಲಿ. ಡೆಬ್ರಿಯ ಪ್ರತಿ ಲೋಡಿಗೆ ಇಳಿಸಿದ ಜಾಗದ ರಸೀದಿ ತೋರಿಸಿದರೇ ಬಾಡಿಗೆ. ಇದಕ್ಕೆಲ್ಲ ತಗಲುವ ಹೆಚ್ಚಿನ ಹಣ ಮಾಲೀಕನದು. ಈ ಕೊನೆಯ ಸಾಲಿನ ಕೆಳಗೆ ನೀವು ಸಹಿ ಹಾಕಿ, ಪಕ್ಕದ ಮನೆಯವರಿಂದ ಸಾಕ್ಷಿ ಸಹಿ ಹಾಕಿಸಿ.